ಬಯಲಲ್ಲಿ ಹ್ಯಾಮ್ ರೇಡಿಯೊ: ಮೊದಲು ತಂತಿ ಕಟ್ಟಿ, ಆಮೇಲೆ ಸೆಟ್ ತೆಗೆಯಿರಿ

ಹ್ಯಾಮ್ ರೇಡಿಯೊ ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕಾಗಿ ರೇಡಿಯೊದಲ್ಲಿ ಮಾತಾಡುವುದು. ಕ್ಲಬ್‌ನವರೆಲ್ಲ ಬಯಲಲ್ಲಿ ಸೇರಿದಾಗ ಎಲ್ಲರಿಗೂ ಮೊದಲು ರೇಡಿಯೊ ಸೆಟ್ ಆನ್ ಮಾಡುವ ಆಸೆ. ಸ್ವಲ್ಪ ತಡೆಯಿರಿ. ಹೊರಗಡೆ ರೇಡಿಯೊ ನಡೆಸುವ ಕೆಲಸದಲ್ಲಿ ಮುಕ್ಕಾಲು ಪಾಲು ಆಂಟೆನಾದ್ದೇ.

ಜಾಗ ಹುಡುಕುವಾಗ ತಲೆ ಎತ್ತಿ ನೋಡಿ. ಕಂಬ ಉರುಳಿದರೂ, ಎಸೆದ ಹಗ್ಗ ದಿಕ್ಕು ತಪ್ಪಿದರೂ ಕರೆಂಟ್ ತಂತಿಗೆ ತಾಗಬಾರದು. ಅಷ್ಟು ದೂರ ಇಲ್ಲದಿದ್ದರೆ ಬೇರೆ ಜಾಗ ನೋಡಿ.

ಶುರು ಮಾಡುವವರಿಗೆ ನಾನು ಹೇಳುವುದು 20 ಮೀಟರ್ ಬ್ಯಾಂಡಿನ (14 ಮೆಗಾಹರ್ಟ್ಸ್ ಆಸುಪಾಸಿನ ಫ್ರೀಕ್ವೆನ್ಸಿಗಳು) ಡೈಪೋಲ್, ಅಂದರೆ ಎರಡು ಸಮ ತುಂಡು ತಂತಿಯ ನಡುವೆ ಸೆಟ್‌ನ ಕೇಬಲ್ ಸೇರುವ ಆಂಟೆನಾ. ಹಗಲಲ್ಲಿ ದೂರದ ಸ್ಟೇಷನ್‌ಗಳು ಸಿಗುವ ಬ್ಯಾಂಡ್ ಅದು. ಲೆಕ್ಕವೂ ಸುಲಭ: 143 ಅನ್ನು ಮೆಗಾಹರ್ಟ್ಸ್‌ನಲ್ಲಿರುವ ಫ್ರೀಕ್ವೆನ್ಸಿಯಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರಿನಲ್ಲಿ ಬರುತ್ತದೆ. 14.2ಕ್ಕೆ 10.07 ಮೀಟರ್, ಅಂದರೆ ಒಂದೊಂದು ಕಡೆಗೆ 5 ಮೀಟರಿಗಿಂತ ಚೂರು ಜಾಸ್ತಿ. ಕತ್ತರಿಸುವಾಗ ಒಂದು ಗೇಣು ಹೆಚ್ಚೇ ಬಿಡಿ. ಉದ್ದ ಆದರೆ ಮಡಚಬಹುದು, ಗಿಡ್ಡ ಆದರೆ ಬೆಸುಗೆ ಹಾಕುತ್ತಾ ಕೂರಬೇಕು.

ಹಗ್ಗದ ತುದಿಗೆ ಸಣ್ಣ ಭಾರ ಕಟ್ಟಿ ಕೊಂಬೆಯ ಮೇಲಿಂದ ಎಸೆಯಿರಿ, ಆ ಕಡೆ ಯಾರೂ ನಿಂತಿರಬಾರದು. ತಂತಿಯ ನಡುಭಾಗವನ್ನು 7–8 ಮೀಟರ್ ಮೇಲಕ್ಕೆ ಎಳೆದು, ಎರಡೂ ತುದಿಗಳನ್ನು ಇಳಿಜಾರಾಗಿ ಬಿಗಿಯಿರಿ. ನಡುವಿನ ಕೋನ 90 ಡಿಗ್ರಿಗಿಂತ ಕಿರಿದಾಗದಿರಲಿ. ಟ್ರಾನ್ಸ್‌ಮಿಟ್ ಮಾಡುವಾಗ ವೋಲ್ಟೇಜ್ ಅತಿ ಹೆಚ್ಚು ಇರುವುದು ತುದಿಗಳಲ್ಲೇ, ಮುಟ್ಟಿದರೆ ಚರ್ಮ ಸುಡುತ್ತದೆ. ಹಾಗಾಗಿ ಅವು ಕೈ ಎತ್ತಿದರೂ ಸಿಗಬಾರದು. ಹಗ್ಗಗಳಿಗೆ ಬಣ್ಣದ ಬಟ್ಟೆ ಕಟ್ಟಿ, ಮಕ್ಕಳು ಎಡವುತ್ತಾರೆ.

ಈಗ ಸೆಟ್ ತೆಗೆಯಿರಿ. ಫ್ರೀಕ್ವೆನ್ಸಿ ಖಾಲಿ ಇದೆಯಾ ಎಂದು ಕೇಳಿಸಿಕೊಂಡು, 5 ವ್ಯಾಟ್‌ನಲ್ಲಿ ಎಸ್‌ಡಬ್ಲ್ಯೂಆರ್ ನೋಡಿ. ಆಂಟೆನಾ ಸೆಟ್‌ಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಅಳತೆ ಅದು, 1 ಇದ್ದರೆ ಪೂರ್ತಿ ಹೊಂದಿದೆ ಎಂದರ್ಥ. ಬ್ಯಾಂಡಿನ ಕೆಳಗಿನ ಕಡೆ ಕಡಿಮೆ ಇದ್ದು ಮೇಲೆ ಹೋದಂತೆ ಏರುತ್ತಿದ್ದರೆ ತಂತಿ ಉದ್ದ ಆಗಿದೆ ಎಂದರ್ಥ. ತುದಿಯನ್ನು ಇಳಿಸಿ, ಮೂರು ಬೆರಳಗಲ ಹಿಂದಕ್ಕೆ ಮಡಚಿ, ಅದೇ ತಂತಿಗೆ ಸುತ್ತಿ. ಇನ್ನೊಂದು ಕಡೆಯೂ ಅಷ್ಟೇ. ಮತ್ತೆ ಏರಿಸಿ ನೋಡಿದರೆ ಎಸ್‌ಡಬ್ಲ್ಯೂಆರ್ ಕಡಿಮೆ ಇರುವ ಜಾಗ ಸುಮಾರು 150 ಕಿಲೋಹರ್ಟ್ಸ್ ಮೇಲಕ್ಕೆ ಸರಿದಿರುತ್ತದೆ. 1.5ಕ್ಕೆ ಬಂದರೆ ಸಾಕು. 2 ಇದ್ದರೂ ವಾಪಸ್ ಬರುವುದು ಶೇ 11ರಷ್ಟು ಶಕ್ತಿ ಮಾತ್ರ, ಸುಮ್ನೆ ಅರ್ಧ ದಿನ ಅದಕ್ಕೇ ಕಳೆಯಬೇಡಿ.

100 ವ್ಯಾಟ್ ಸೆಟ್ ಮಾತಾಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. ದಪ್ಪ ವೈರು, ಬ್ಯಾಟರಿ ಹತ್ತಿರವೇ ಫ್ಯೂಸ್, ಎರಡೂ ಬೇಕೇ ಬೇಕು. ಪಕ್ಕದಲ್ಲಿ ಇನ್ನೊಂದು ಸ್ಟೇಷನ್ ಇದ್ದರೆ ಅವರು ಬೇರೆ ಬ್ಯಾಂಡಿನಲ್ಲಿರಲಿ, ಇಬ್ಬರ ತಂತಿಗಳೂ ಒಂದೇ ಸಾಲಿನಲ್ಲಿ ತುದಿಗೆ ತುದಿ ಬರುವಂತೆ ಇರಲಿ. ಅಕ್ಕಪಕ್ಕ ಸಮಾನಾಂತರವಾಗಿ ಕಟ್ಟಿದರೆ ಒಬ್ಬರ ಸಿಗ್ನಲ್ ಇನ್ನೊಬ್ಬರ ಕಿವಿ ಮುಚ್ಚಿಸುತ್ತದೆ.

ನನಗೆ ಇಡೀ ದಿನದಲ್ಲಿ ಅತಿ ಇಷ್ಟವಾಗುವುದು ಹೊಸಬರ ಮೊದಲ ಕಾಂಟ್ಯಾಕ್ಟ್. ಮೈಕ್ ಹಿಡಿದ ಕೈ ನಡುಗುತ್ತಿರುತ್ತದೆ, ತಮ್ಮದೇ ಕಾಲ್‌ಸೈನ್ (ಸ್ಟೇಷನ್ ಗುರುತಿನ ಅಕ್ಷರ-ಅಂಕಿಗಳು) ಮರೆತುಹೋಗಿರುತ್ತದೆ. ಅದನ್ನು ಫೊನೆಟಿಕ್ ಪದಗಳಲ್ಲಿ (A ಗೆ ಆಲ್ಫಾ, B ಗೆ ಬ್ರಾವೊ ಎಂಬಂತೆ) ದೊಡ್ಡದಾಗಿ ಬರೆದು ಎದುರಿಗಿಡಿ, ಯಾರ ಜೊತೆ ಮಾತಾಯಿತು ಎಂಬ ಲಾಗ್ ನೀವು ಬರೆದುಕೊಳ್ಳಿ, ಸಮಯ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಸಮಯ) ಹಾಕಿ. ಲೈಸೆನ್ಸ್ ಇಲ್ಲದವರಿಗೆ ಮೈಕ್ ಕೊಡುವ ಮುಂಚೆ ನಿಮ್ಮ ದೇಶದ ನಿಯಮ ನೋಡಿಕೊಳ್ಳಿ.

ಗುಡುಗು ಕೇಳಿಸಿದರೆ ಮಾತು ಅರ್ಧಕ್ಕೇ ನಿಲ್ಲಿಸಿ, ಕೇಬಲ್ ಕಳಚಿ, ಎಲ್ಲರನ್ನೂ ಕಟ್ಟಡದೊಳಗೋ ಕಾರಿನೊಳಗೋ ಕಳಿಸಿ. ತಂತಿ ಬಿಚ್ಚಲು ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಬಂದರಾಯಿತು.