ಭಾಷಣ ಬಿಟ್ಟು ಓದಿದೆವು

ಸೆಪ್ಟೆಂಬರ್ 30 ಅಂತರರಾಷ್ಟ್ರೀಯ ಅನುವಾದ ದಿನ. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ತೀರಿಕೊಂಡ ದಿನ ಅದು. ಕನ್ನಡ, ತುಳು ಬೈಬಲ್‌ಗೆ ದುಡಿದವರನ್ನು ಆ ಸಂಜೆ ನೆನೆಯೋಣ ಅಂತ ಮಂಗಳೂರಿನ ನಮ್ಮ ಚರ್ಚಿನ ಸಭೆಯಲ್ಲಿ ತೀರ್ಮಾನವಾಯಿತು. ಜವಾಬ್ದಾರಿ ನನ್ನ ಹೆಗಲಿಗೆ ಬಂತು. ಫೋಟೋ, ಹಾರ, ಮುಖ್ಯ ಅತಿಥಿಯ ಭಾಷಣ ಯಾವುದೂ ಬೇಡ ಅಂದೆ. ಪುಸ್ತಕ ಮಾಡಿದವರನ್ನು ನೆನೆಯಬೇಕಾದರೆ ಪುಸ್ತಕ ತೆರೆಯಬೇಕು, ಅಲ್ವಾ?

ಹಳೆಯ ಪುಸ್ತಕಗಳಿಗಾಗಿ ಮೊದಲು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಹೋದೆ. ಉಳಿದದ್ದು ಮನೆಯಲ್ಲೇ ಕೂತು ಹುಡುಕಿದ್ದು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್ ಅನ್ನುವ ಜಾಲತಾಣದಲ್ಲಿ (ಮಲಯಾಳಂ ನಿಘಂಟು ಮಾಡಿದ ಪಾದ್ರಿಯ ಹೆಸರಿನದು ಅದು) ಮಲಯಾಳಂ ಮಾತ್ರವಲ್ಲ, ಕನ್ನಡ, ತುಳು ಪುಸ್ತಕಗಳೂ ಪುಟಪುಟವಾಗಿ ಸಿಗುತ್ತವೆ. ಬೇಕಾದ ಪುಟಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅಜ್ಜಿಯಂದಿರಿಗೂ ಓದಲು ಆಗಬೇಕಲ್ಲ!

ಯಾರನ್ನು ನೆನೆಯುವುದು ಅನ್ನುವುದೇ ದೊಡ್ಡ ಚರ್ಚೆಯಾಯಿತು. ಎಲ್ಲರ ಬಾಯಲ್ಲೂ ಕಿಟೆಲ್. ಅವರ 1894ರ ನಿಘಂಟು ದೊಡ್ಡ ಕೆಲಸವೇ, ಆದರೆ ಅವರನ್ನು ಕನ್ನಡಿಗರು ಮರೆತಿಲ್ಲ. ಅವರಿಗೆ ಎರಡು ಮಾತು ಸಾಕು ಅಂದೆ. ಕೆಲವರಿಗೆ ಬೇಜಾರಾಯಿತು. 1810ರಲ್ಲಿ ಬಳ್ಳಾರಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸ್ ಹೆಸರು ಎಷ್ಟು ಜನರಿಗೆ ಗೊತ್ತು? ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು. ಆಮೇಲೆ ಆ ಅನುವಾದವನ್ನು ತಿದ್ದಲು ಕೂತವರಲ್ಲಿ ಬಾಸೆಲ್ ಮಿಶನ್ನಿನ ವೈಗ್ಲೆ ಒಬ್ಬರು. ತುಳು ಹೊಸ ಒಡಂಬಡಿಕೆಗೆ, ಅಂದರೆ ಬೈಬಲಿನ ಎರಡನೇ ಭಾಗಕ್ಕೆ, ಅದೇ ಮಿಶನ್ನಿನ ಗ್ರೈನರ್, ಅಮ್ಮನ್ ದುಡಿದರು. ನಮ್ಮ ಕಡೆಯವರೇ ಆದ ಹೆರ್ಮನ್ ಆನಂದರಾವ್ ಕೌಂಡಿನ್ಯರನ್ನೂ ಸೇರಿಸಿದೆವು. ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಓದಿ, ಮಿಶನರಿಯಾಗಿ ಊರಿಗೆ ಮರಳಿದವರು ಅವರು.

ಬಾಸೆಲ್ ಮಿಶನ್ನಿನ ಇನ್ನೊಬ್ಬ ಪಾದ್ರಿ ಮ್ಯೋಗ್ಲಿಂಗ್ ಪಾಲಿಗೆ ಜಾಸ್ತಿ ಹೊತ್ತು ಇಟ್ಟೆ. 1843ರಲ್ಲಿ ಅವರು ಶುರು ಮಾಡಿದ 'ಮಂಗಳೂರು ಸಮಾಚಾರ' ಪತ್ರಿಕೆ ಕಲ್ಲಚ್ಚಿನದು. ಮಕ್ಕಳಿಗೆ ಅದು ಹೇಗೆ ಅಂತ ತೋರಿಸಲು ಕಡಪ ಕಲ್ಲಿನ ಒಂದು ತುಂಡು, ಮೇಣದ ಬಳಪ, ಒದ್ದೆ ಬಟ್ಟೆ ತಂದಿದ್ದೆ. ಒಬ್ಬ ಹುಡುಗ ತನ್ನ ಹೆಸರು ಬರೆದ. ಮೇಲೆ ಬಟ್ಟೆ ಆಡಿಸಿದರೆ ಕಲ್ಲೆಲ್ಲ ಒದ್ದೆ, ಅಕ್ಷರದ ಮೇಲೆ ಮಾತ್ರ ನೀರು ನಿಲ್ಲಲಿಲ್ಲ. ಜಿಡ್ಡಿನ ಶಾಯಿ ಹಚ್ಚಿದರೆ ಅದು ಅಕ್ಷರಕ್ಕಷ್ಟೇ ಹಿಡಿಯುತ್ತದೆ, ಇಷ್ಟೇ ಗುಟ್ಟು ಅಂದೆ. ನಿಜವಾದ ಕಲ್ಲಚ್ಚಿಗೆ ಗೋಂದು, ಆಮ್ಲ ಎಲ್ಲ ಬೇಕು, ಆ ರಗಳೆಗೆ ನಾನು ಹೋಗಲಿಲ್ಲ. ಅಷ್ಟರಲ್ಲಿ ಇನ್ನೊಬ್ಬಳು, "ಅಂಕಲ್, ಕಾಗದದಲ್ಲಿ ಹೆಸರು ಉಲ್ಟಾ ಬರಲ್ವಾ?" ಅಂತ ಕೇಳಿಯೇಬಿಟ್ಟಳು. ಬರುತ್ತದೆ. ಅದಕ್ಕೇ ಕಲ್ಲಿನ ಮೇಲೆ ಅಕ್ಷರ ತಿರುವುಮುರುವಾಗಿ ಇರಬೇಕು. ಉಳಿದ ಹೊತ್ತೆಲ್ಲ ಮಕ್ಕಳು ಹೆಸರನ್ನು ಉಲ್ಟಾ ಬರೆಯುವುದರಲ್ಲೇ ಮುಳುಗಿದರು.

ಇವರೆಲ್ಲ ಬಂದದ್ದು ಮತಪ್ರಚಾರಕ್ಕೆ. ಅದನ್ನು ಮುಚ್ಚಿಡುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ನಮ್ಮವರಲ್ಲದ ನೆರೆಹೊರೆಯವರೂ ಬಂದಿದ್ದರು, ಸುಮ್ನೆ ಹೊಗಳಿದರೆ ಅವರಿಗೂ ಕಿರಿಕಿರಿ. ಆದರೆ ಅದೇ ಮ್ಯೋಗ್ಲಿಂಗ್ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರಲ್ಲ! ಹಾಗಾಗಿ ಬೈಬಲಿನ ಒಂದು ಕೀರ್ತನೆಯ ಬೆನ್ನಿಗೇ ಒಂದು ದಾಸರ ಪದ ಓದಿಸಿದೆವು. ಆ ಸಂಜೆ ಜನ ನೆಟ್ಟಗೆ ಕೂತು ಕೇಳಿದ್ದು ಆಗಲೇ.

ಹೆಸರು ಸಿಗದವರೇ ಜಾಸ್ತಿ. ಪಾದ್ರಿಗಳಿಗೆ ಕನ್ನಡ ಕಲಿಸಿದ ಮುನ್ಷಿಗಳು, ಅಚ್ಚಿನ ಮೊಳೆ ಜೋಡಿಸಿದವರು, ಕರಡು ತಿದ್ದಿದವರು. ಹಾಗಾಗಿ ಮೊದಲೇ ಮನೆಮನೆಗೂ ಹೇಳಿ ಕಳಿಸಿದ್ದೆ: ನಿಮ್ಮ ಹಿರಿಯರು ಪ್ರೆಸ್ಸಿನಲ್ಲಿ ದುಡಿದಿದ್ದರೆ ಏನಾದರೂ ತನ್ನಿ ಅಂತ. ಒಬ್ಬರು ತಮ್ಮಜ್ಜನ ಕಂಪೋಸಿಂಗ್ ಸ್ಟಿಕ್ ತಂದರು, ಕೈಯಲ್ಲಿ ಹಿಡಿದು ಮೊಳೆಗಳನ್ನು ಸಾಲಾಗಿ ಜೋಡಿಸುವ ಸಾಧನ ಅದು. ಹೆಬ್ಬೆರಳು ತಾಗುವ ಜಾಗ ಸವೆದು ನುಣ್ಣಗಾಗಿತ್ತು. ಈ ಸಲ ಬಂದ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇವೆ. ನಿಮ್ಮೂರಲ್ಲೂ ಇಂಥದ್ದು ಮಾಡುವುದಾದರೆ ಅತಿಥಿಗಳನ್ನು ಆಮೇಲೆ ಹುಡುಕಿ, ಆ ಪಟ್ಟಿಯನ್ನು ಮೊದಲು ಶುರು ಮಾಡಿ. ಹೇಳಬಲ್ಲ ಹಿರಿಯರಿಗೆಲ್ಲ ಈಗ ಎಂಬತ್ತು ದಾಟಿದೆ.