ಕರಾರು ಮುಗಿಯುವ ಮೊದಲೇ ಮೇಲ್ ಬರಲಿ

ಮಳಿಗೆ ಬಾಡಿಗೆ, ತೋಟದ ಚೇಣಿ (ಫಸಲಿನ ಗುತ್ತಿಗೆ), ಜೀಪಿನ ವಿಮೆ, ಜೆರಾಕ್ಸ್ ಯಂತ್ರದ ಸರ್ವಿಸ್ ಒಪ್ಪಂದ. ಒಂದೊಂದು ಒಂದೊಂದು ತಿಂಗಳಲ್ಲಿ ಮುಗಿಯುತ್ತದೆ. ಕಾಗದವೆಲ್ಲ ಬೀರುವಿನಲ್ಲಿ ಭದ್ರ. ದಿನಾಂಕ ಮಾತ್ರ ಯಾರಿಗೂ ನೆನಪಿಲ್ಲ. ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಬೇಕಿಲ್ಲ, ಗೂಗಲ್ ಕ್ಯಾಲೆಂಡರ್ ಸಾಕು.

ಮೊದಲು ಕರಾರುಪತ್ರ ಬಿಡಿಸಿ ಓದಿ. ಮುಗಿಯುವ ದಿನಕ್ಕಿಂತ ನೋಟಿಸ್ ಕೊಡಬೇಕಾದ ಕೊನೆಯ ದಿನ ಮುಖ್ಯ. ಜಾಸ್ತಿ ಜನ ಎಡವುವುದು ಇಲ್ಲೇ. ಶಿವಮೊಗ್ಗದ ದುರ್ಗಿಗುಡಿಯಲ್ಲಿ 2026ರ ಜುಲೈ 1ರಿಂದ 11 ತಿಂಗಳಿಗೆ ಮಳಿಗೆ ಹಿಡಿದಿದ್ದೀರಿ ಅಂದುಕೊಳ್ಳಿ. ಕರಾರು 2027ರ ಮೇ 31ಕ್ಕೆ ಮುಗಿಯುತ್ತದೆ. ಆದರೆ ‘ಬಿಡುವುದಾದರೆ ಎರಡು ತಿಂಗಳ ಮೊದಲೇ ತಿಳಿಸಬೇಕು’ ಎಂದು ಬರೆದಿದ್ದರೆ ನಿಮ್ಮ ಗಡುವು ಮಾರ್ಚ್ 31. ಮೇ ತಿಂಗಳಲ್ಲಿ ಬಂದ ಮೇಲ್ ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕಷ್ಟೆ.

ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ತೆರೆದು ಮಾರ್ಚ್ 31ಕ್ಕೆ ಒಂದು ‘ಆಲ್ ಡೇ’ ಈವೆಂಟ್ ಮಾಡಿ. ಸುಮ್ನೆ ‘ಬಾಡಿಗೆ’ ಅಂತ ಹೆಸರಿಟ್ಟರೆ ಆಮೇಲೆ ನಿಮಗೇ ಅರ್ಥವಾಗುವುದಿಲ್ಲ. ‘ದುರ್ಗಿಗುಡಿ ಮಳಿಗೆ: ಇರುವುದೋ ಬಿಡುವುದೋ, 31ರೊಳಗೆ ಮಾಲೀಕರಿಗೆ ತಿಳಿಸಬೇಕು’ ಎಂದು ಬರೆಯಿರಿ. ಕೆಳಗೆ ವಿವರದ ಜಾಗದಲ್ಲಿ ಈಗಿನ ಬಾಡಿಗೆ, ಅಡ್ವಾನ್ಸ್ ಎಷ್ಟು, ಮೂಲ ಪ್ರತಿ ಯಾವ ಬೀರುವಿನಲ್ಲಿದೆ ಎಂಬುದನ್ನೂ ಹಾಕಿ. ಪತ್ರದ ಸ್ಕ್ಯಾನ್ ಪ್ರತಿಯನ್ನು ಅಲ್ಲೇ ಲಗತ್ತಿಸಬಹುದು.

ಆಮೇಲೆ ‘ಆ್ಯಡ್ ನೋಟಿಫಿಕೇಶನ್’ ಒತ್ತಿ. ಅಲ್ಲಿ ‘ನೋಟಿಫಿಕೇಶನ್’ ಎಂದಿರುವುದನ್ನು ‘ಇಮೇಲ್’ ಎಂದು ಬದಲಿಸಿ, 4 ವಾರ ಮೊದಲು ಒಂದು, 1 ವಾರ ಮೊದಲು ಇನ್ನೊಂದು ಇಡಿ. ಅಂದರೆ ಮಾರ್ಚ್ 3ಕ್ಕೆ ಮತ್ತು 24ಕ್ಕೆ ಮೇಲ್ ಬರುತ್ತದೆ. ಒಂದು ಈವೆಂಟಿಗೆ ಇಂಥ 5 ನೆನಪೋಲೆ (ನೋಟಿಫಿಕೇಶನ್) ಇಡಬಹುದು, ಆದರೆ 4 ವಾರಕ್ಕಿಂತ ಹಿಂದೆ ಹೋಗಲು ಬಿಡುವುದಿಲ್ಲ. ಇನ್ನೂ ಮುಂಚೆ ಬೇಕಿದ್ದರೆ ಫೆಬ್ರುವರಿಯಲ್ಲಿ ಬೇರೆಯೇ ಈವೆಂಟ್ ಹಾಕಿ.

ಮೊಬೈಲಿನ ಟಿಣ್ ಸದ್ದೊಂದನ್ನೇ ನಂಬಬೇಡಿ. ಆಗುಂಬೆ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ಮೇಲ್ ಹೊರಡುವುದು ಗೂಗಲ್ ಸರ್ವರಿನಿಂದ. ನಿಮ್ಮ ಫೋನ್ ಸತ್ತು ಬಿದ್ದಿದ್ದರೂ ಅದು ಇನ್‌ಬಾಕ್ಸಿಗೆ ಬಂದು ಕೂತಿರುತ್ತದೆ.

ಬೆಂಗಳೂರಿನಲ್ಲಿರುವ ಮಗನಿಗೂ ಗೊತ್ತಾಗಲಿ ಅಂತ ಅವನನ್ನು ‘ಗೆಸ್ಟ್’ ಮಾಡಿದರೆ ಸಾಲದು. ನೀವಿಟ್ಟ ನೆನಪೋಲೆ ನಿಮಗೆ ಮಾತ್ರ. ಅವನದನ್ನು ಅವನೇ ತನ್ನ ಖಾತೆಯಲ್ಲಿ ಇಟ್ಟುಕೊಳ್ಳಬೇಕು.

ವಾಹನ ವಿಮೆಗೆ ‘ಪ್ರತಿ ವರ್ಷ’ ಎಂದು ರಿಪೀಟ್ ಹಾಕಿದರೆ ನಡೆಯುತ್ತದೆ. ಇದನ್ನು ಮರೆಯಲೇಬೇಡಿ; ವಿಮೆ ಮುಗಿದು 90 ದಿನ ಕಳೆದರೆ ನೋ ಕ್ಲೇಮ್ ಬೋನಸ್ಸೂ (ಕ್ಲೇಮ್ ಮಾಡದಿದ್ದುದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೋಯಿತು. 11 ತಿಂಗಳ ಕರಾರಿಗೆ ಮಾತ್ರ ರಿಪೀಟ್ ಬೇಡ, ದಿನಾಂಕ ಪ್ರತಿ ಸಲ ಸರಿಯುತ್ತದಲ್ವಾ? ಹೊಸ ಪತ್ರಕ್ಕೆ ಸಹಿ ಬಿದ್ದ ದಿನವೇ ಹೊಸ ಈವೆಂಟ್ ಮಾಡಿ. ಚೇಣಿ ಬಾಯಿಮಾತಿನಲ್ಲೇ ಕುದುರಿದ್ದರೂ ಕಂತಿನ ದಿನಗಳನ್ನು ಹಾಗೇ ಹಾಕಿಡಿ.

ಕೊನೆಗೆ ಒಂದು ಪರೀಕ್ಷೆ. ಅರ್ಧ ಗಂಟೆ ನಂತರದ ಸಮಯಕ್ಕೆ ಈವೆಂಟ್ ಮಾಡಿ, 10 ನಿಮಿಷ ಮೊದಲು ಇಮೇಲ್ ಎಂದು ಇಟ್ಟು ಕಾಯಿರಿ. ಬರದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ, ಅಲ್ಲಿ ಸಿಕ್ಕರೆ ‘ನಾಟ್ ಸ್ಪ್ಯಾಮ್’ ಒತ್ತಿ.