ಹೆಬ್ಬೆಟ್ಟಿಗೆ ಬೀಗ: ರೇಷನ್ ನಿಲ್ಲದಂತೆ ಎಇಪಿಎಸ್ ಕಳ್ಳತನ ತಡೆದದ್ದು

ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದರೆ ರೇಷನ್ ಸಿಗುವುದಿಲ್ಲ, ಗೃಹಲಕ್ಷ್ಮಿ ಹಣ ಬರುವುದಿಲ್ಲ ಎಂದು ಹೆದರಿಸಿದವರೇ ಹೆಚ್ಚು. ನಮ್ಮ ಮನೆಯ ಐವರದ್ದೂ ಸುಮಾರು ಒಂದೂವರೆ ವರ್ಷದಿಂದ ಲಾಕ್ ಆಗಿಯೇ ಇದೆ. ಅಕ್ಕಿಯೂ ಬರುತ್ತಿದೆ, ಹಣವೂ ಬರುತ್ತಿದೆ.

ಇದಕ್ಕೆ ಕೈಹಾಕಲು ಕಾರಣ 2023ರ ದೂರುಗಳು. ಆಸ್ತಿ ನೋಂದಣಿ ಮಾಡಿಸಿದವರ ಖಾತೆಯಿಂದ ಒಟಿಪಿಯೇ ಇಲ್ಲದೆ ಹಣ ಹೋಗಿತ್ತು. ರಾಜ್ಯದ ಆಸ್ತಿ ನೋಂದಣಿ ಜಾಲತಾಣ ಕಾವೇರಿಯ ದಾಖಲೆಗಳಲ್ಲಿದ್ದ ಬೆರಳಚ್ಚಿನ ಮೇಲೆ ಪೊಲೀಸರಿಗೆ ಸಂಶಯ ಬಂತು. ಎಇಪಿಎಸ್ ಎಂದರೆ ಆಧಾರ್ ಮೂಲಕ ಖಾತೆಯಿಂದ ಹಣ ತೆಗೆಯುವ ವ್ಯವಸ್ಥೆ. ಅದಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಈ ಮೂರೇ ಸಾಕು. ಪಿನ್ ಕಾಪಾಡಿಕೊಂಡವರಿಗೂ ರಕ್ಷಣೆ ಇಲ್ಲ.

ಮೊದಲು ಮಾಡಿದ್ದೇ ತಪ್ಪು. ಖಾತೆಯಿಂದ ಆಧಾರ್ ಜೋಡಣೆಯನ್ನೇ ಬಿಡಿಸಿದೆ. ಗೃಹಲಕ್ಷ್ಮಿಯ ಎರಡು ಕಂತು, ಅಂದರೆ 4,000 ರೂಪಾಯಿ ನಿಂತಿತು. ಮತ್ತೆ ಜೋಡಿಸಲು ಬ್ಯಾಂಕಿಗೆ ಮೂರು ಸಲ ಅಲೆದಾಟ. ಡಿಬಿಟಿ ಹಣ, ಅಂದರೆ ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ ಜಮೆಯಾಗಲು ಆಧಾರ್ ಜೋಡಣೆ ಬೇಕೇ ಬೇಕು, ಬೆರಳು ಬೇಡ. ಲಾಕ್ ತಡೆಯುವುದು ಬೆರಳು, ಕಣ್ಣು, ಮುಖದ ಮೂಲಕ ನಡೆಯುವ ದೃಢೀಕರಣವನ್ನು ಮಾತ್ರ. ಒಟಿಪಿ ನಡೆಯುತ್ತಲೇ ಇರುತ್ತದೆ. ಇಷ್ಟು ಹೊಳೆದ ಮೇಲೆ ಉಳಿದದ್ದು ಸುಲಭವಾಯಿತು.

ಎಂಆಧಾರ್ ಆ್ಯಪ್‌ನಲ್ಲಿ ಲಾಕ್ ಹಾಕಿದೆ. ಆಧಾರ್‌ಗೆ ಒಂದೇ ಮೊಬೈಲ್ ಸಂಖ್ಯೆ ಜೋಡಿಸಿದ್ದರೆ ಮನೆಯ ಹಲವರ ಪ್ರೊಫೈಲ್‌ಗಳನ್ನು ಒಂದೇ ಫೋನಿನಲ್ಲಿ ಸೇರಿಸಬಹುದು. ನಮ್ಮಲ್ಲಿ ಇಬ್ಬರ ಹಳೆಯ ಸಿಮ್ ಯಾವತ್ತೋ ಬಂದ್ ಆಗಿತ್ತು. ಅದನ್ನು ಬದಲಿಸಲು ಸೇವಾ ಕೇಂದ್ರದಲ್ಲಿ ತಲಾ 50 ರೂಪಾಯಿ ಕೊಟ್ಟೆ, 2025ರ ಅಕ್ಟೋಬರ್‌ನಿಂದ ಅದು 75.

ರೇಷನ್ ದಿನವೇ ಸಮಸ್ಯೆ. ಅಂಗಡಿಯ ಯಂತ್ರದಲ್ಲಿ 330 ಎಂಬ ದೋಷ ಸಂಖ್ಯೆ ಬಂದರೆ ಬೆರಳು ಸವೆದಿದೆ ಎಂದಲ್ಲ, ಲಾಕ್ ಆಗಿದೆ ಎಂದರ್ಥ. ಮನೆಯ ಒಬ್ಬರ ಹೆಬ್ಬೆಟ್ಟು ಸಾಕು, ಆದ್ದರಿಂದ ಫೋನ್ ಬಳಸಬಲ್ಲವರೇ ಹೋಗಬೇಕು. ತಾತ್ಕಾಲಿಕ ಅನ್‌ಲಾಕ್ ಹತ್ತು ನಿಮಿಷ ಮಾತ್ರ. ಸಾಲಿನಲ್ಲಿ ನಿಂತ ಕೂಡಲೇ ತೆರೆದರೆ ನಿಮ್ಮ ಸರದಿ ಬರುವಷ್ಟರಲ್ಲಿ ಮತ್ತೆ ಬೀಗ ಬಿದ್ದಿರುತ್ತದೆ. ಮುಂದೆ ಇಬ್ಬರು ಉಳಿದಾಗ ತೆರೆಯಿರಿ. ಅಂಗಡಿಯೊಳಗೆ ಸಿಗ್ನಲ್ ಇಲ್ಲದಿದ್ದರೆ ಹೊರಗೆ ಬಂದು ತೆರೆದು ಒಳಗೆ ಹೋಗಿ.

ಬೀಗ ನಿಜಕ್ಕೂ ಬಿದ್ದಿದೆಯೇ ಎಂದು ನೋಡಲು ಬ್ಯಾಂಕಿನ ಏಜೆಂಟರಾದ ಬ್ಯಾಂಕ್ ಮಿತ್ರರ ಬಳಿ ನನ್ನದೇ ಬೆರಳಿಟ್ಟು 100 ರೂಪಾಯಿ ತೆಗೆಯಲು ಹೋದೆ. ಮೂರು ಸಲವೂ ಬರಲಿಲ್ಲ. ಆಮೇಲೆ ಆಧಾರ್‌ನ ದೃಢೀಕರಣ ಇತಿಹಾಸ ತೆರೆದರೆ ಆ ಮೂರೂ ವಿಫಲ ಪ್ರಯತ್ನಗಳು ದಿನಾಂಕ, ಸಮಯ ಸಮೇತ ಅಲ್ಲಿದ್ದವು. ಅದರಲ್ಲಿ ಕಳೆದ ಆರು ತಿಂಗಳ ವಿವರ ಸಿಗುತ್ತದೆ. ನೀವು ಎಲ್ಲೂ ಬೆರಳಿಡದ ದಿನ ಬಯೋಮೆಟ್ರಿಕ್ ಸಾಲು ಕಂಡರೆ ಯಾರೋ ನಿಮ್ಮ ಬೆರಳಚ್ಚು ಪ್ರಯೋಗಿಸಿ ನೋಡಿದ್ದಾರೆ.

ಇನ್ನೊಂದು ಪ್ರಯೋಗವಾಗಿ ಡಿಬಿಟಿ ಖಾತೆಯಲ್ಲಿ ಎರಡು ಸಾವಿರ ಚಿಲ್ಲರೆ ಮಾತ್ರ ಬಿಟ್ಟು ಉಳಿದದ್ದನ್ನು ಎಫ್‌ಡಿಗೆ ಹಾಕಿದೆ. ಅದನ್ನು ಮುಂದುವರಿಸಿದ್ದೇನೆ. ಕೆಲವು ಬ್ಯಾಂಕುಗಳು ಲಿಖಿತ ಅರ್ಜಿ ಕೊಟ್ಟರೆ ಎಇಪಿಎಸ್ ಹಿಂಪಡೆತವನ್ನೇ ನಿಲ್ಲಿಸುತ್ತವೆ, ಕೇಳಿ ನೋಡಿ. ಕಳ್ಳ ಮೊದಲು ಬ್ಯಾಲೆನ್ಸ್ ನೋಡುವ ಹಂತದಲ್ಲೇ ಗುರುತಿಸಲು ನಾನು ಇಟ್ಟುಕೊಂಡ ಇನ್ನೊಂದು ಉಪಾಯವಿದೆ. ಅದನ್ನು ಬರೆದರೆ ಅವರೂ ಓದುತ್ತಾರೆ, ಇರಲಿ.

ಹಣ ಹೋಗಿಯೇ ಬಿಟ್ಟರೆ ಮೊದಲು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ, ಅದೇ ದಿನ ಬ್ಯಾಂಕಿಗೆ ಲಿಖಿತ ದೂರು, ಸೀಲ್ ಹಾಕಿದ ಸ್ವೀಕೃತಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎಂದಾದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. ಹತ್ತು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಜಮೆಯಾಗಬೇಕು. 'ನೀವೇ ಹೆಬ್ಬೆಟ್ಟು ಕೊಟ್ಟಿದ್ದೀರಿ' ಎಂದು ಕೌಂಟರಿನಲ್ಲಿ ಹೇಳಿದರೆ ಎದ್ದು ಬರಬೇಡಿ. ಪಾಸ್‌ಬುಕ್ಕಿನಲ್ಲಿರುವ ಹನ್ನೆರಡು ಅಂಕಿಯ ಆರ್‌ಆರ್‌ಎನ್ (ವಹಿವಾಟಿನ ಗುರುತು ಸಂಖ್ಯೆ) ತೋರಿಸಿ, ಆ ವಹಿವಾಟಿನ ಟರ್ಮಿನಲ್ ಸಂಖ್ಯೆ, ಏಜೆಂಟ್ ಕೋಡ್, ಊರು ಬರೆದುಕೊಡಿ ಎನ್ನಿ. ಆ ಹೊತ್ತಿಗೆ ನೀವು ಬೇರೆ ಊರಿನಲ್ಲಿದ್ದಿರಿ ಎಂದು ತೋರಿಸುವ ಬಸ್ ಟಿಕೆಟ್ಟೋ ಹಾಜರಿ ಪುಸ್ತಕದ ಪ್ರತಿಯೋ ಇದ್ದರೆ ದೂರಿನ ಜೊತೆಗೇ ಲಗತ್ತಿಸಿ.